ಚುಕ್ಕೆಗೆರೆ

ಮೊದಲ ದಿನವೇ ನಮೂನೆ ಹೆಸರಿನಲ್ಲೇ ಸಿಕ್ಕಿಕೊಂಡಿತು.
ಕಾಲುವೆಯ ಹೆಸರು, ಎಂದು ಒಂದೇ ಗೆರೆ ಬಿಟ್ಟಿದ್ದರು.
ತುಂಗೆಯ ದಡದ ಒಡ್ಡಿನ ಹತ್ತಿರ ಕೇಳಿದರೆ ದೊಡ್ಡಗಾಲುವೆ,
ಎರಡು ಫರ್ಲಾಂಗು ಇಳಿದರೆ ಮಡಿವಾಳರ ಕಾಲುವೆ,
ಮಸೀದಿ ದಾಟಿದ ಮೇಲೆ ನಹರು,
ಗ್ಯಾರೇಜುಗಳ ಹಿಂದೆ, ಮೂಗು ಮುಚ್ಚಿಕೊಂಡು, ಮೋರಿ.
ನಾಲ್ಕನ್ನೂ ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ಬರೆದೆ.
ಮೂರನ್ನು ಹೊಡೆದುಹಾಕಿ ಎಂದರು ಸಾಹೇಬರು.
ಹೊಡೆದಿಲ್ಲ ಇನ್ನೂ.

ಟೇಪಿನ ಆ ತುದಿ ಮುನೀರ ಹಿಡಿಯುತ್ತಾನೆ, ಈ ತುದಿ ನಾನು.
ಮೂವತ್ತು ಮೀಟರಿಗೊಂದು ಸುಣ್ಣದ ಬೊಟ್ಟು.
ಅಗಲ, ಆಳ, ಹೂಳು, ಕಲ್ಲಿನ ಜಾತಿ.
ಕಲ್ಲಿಗೂ ಇದೆಯಾ ಮೇಡಂ, ಎಂದ.
ಜಂಬಿಟ್ಟಿಗೆ, ಎಂದು ಬರೆದೆ.
ಮೊದಲ ತೂಬಿನ ಮೇಲೆ ಮಿಂಚುಳ್ಳಿಯೊಂದು
ನಮ್ಮ ಲೆಕ್ಕ ತಪ್ಪುವುದನ್ನೇ ಕಾಯುತ್ತ ಕೂತಿತ್ತು.
ಎರಡನೆಯದರ ಬಾಯಲ್ಲಿ ಹಳೆ ಟಯರು, ಒಂದು ದಿಂಬು.
ಮೂರನೆಯದಕ್ಕೆ ಬೆಳಗಿಡೀ ಹುಡುಕಿದೆವು:
ಹಿಟ್ಟಿನ ಗಿರಣಿಯ ಸೋಮ್ಲಾನಾಯ್ಕ ಅದರ ಮೇಲೆ ತಕ್ಕಡಿ ಇಟ್ಟುಕೊಂಡಿದ್ದ.
ಸರಿಸಿ, ಹಿಟ್ಟು ಗುಡಿಸಿದರೆ ಕಲ್ಲಿನಲ್ಲಿ ಏಳು ಕಚ್ಚು.
ಐದು ಸಮ, ಒಂದು ಅರ್ಧ,
ಕೊನೆಯದು ಉಗುರಿನಷ್ಟು.

ಅದನ್ನು ಓದಿದವರು ಗುತ್ಯಪ್ಪ.
ಅವರಪ್ಪ, ಅಪ್ಪನಪ್ಪ ನೀರುಗಂಟಿಗಳು.
ಇವರು ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ತೊಳೆದವರು.
"ಅದೂ ನೀರಿನ ಕೆಲ್ಸಾನೇ ಬಿಡಿ."
ಪಂಚೆಯಲ್ಲಿ ಸುತ್ತಿ ತಂದಿದ್ದರು ಒಂದು ತಾಮ್ರದ ಬಟ್ಟಲು,
ತಳದಲ್ಲಿ ಸೂಜಿಮೊನೆಯ ತೂತು.
ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು
ಒಂದು ಗದ್ದೆಯ ಪಾಲು.
"ಐದು ಕಚ್ಚು ಗದ್ದೆಗೆ. ಅರ್ಧ ಕುಂಬಾರರ ಗುಂಡಿಗೆ.
ಉಗುರಷ್ಟಿದ್ಯಲ್ಲ, ಅದು ಯಾರಿಗೂ ಅಲ್ಲ.
ಯಾರಿಗೂ ಅಲ್ಲ ಅಂತ್ಲೇ ಬಿಡ್ಬೇಕು.
ಏಡಿ, ಕಪ್ಪೆ ಪಂಚಾಯ್ತಿಗೆ ಬರಾದಿಲ್ಲ,
ನಾವೇ ನೆಪ್ಪಿಟ್ಕಬೇಕು ಅನ್ನೋರು ಅಜ್ಜ."
ಬಕೆಟ್ಟಿನಲ್ಲಿ ಬಟ್ಟಲು ತೇಲಿಬಿಟ್ಟೆವು.
ಗಿರಣಿ ನಿಲ್ಲಿಸಿ ಸೋಮ್ಲಾನಾಯ್ಕನೂ ಬಗ್ಗಿ ನೋಡಿದ.
ಮುಳುಗಲು ಇಪ್ಪತ್ಮೂರು ನಿಮಿಷ;
ಗಳಿಗೆಗೆ ಒಂದು ಕಡಿಮೆ.
"ತೂತು ಸವೆದದೆ," ಎಂದರು ಗುತ್ಯಪ್ಪ,
ತನ್ನದೇ ತಪ್ಪೆನ್ನುವಂತೆ ಬಟ್ಟಲು ಒರೆಸುತ್ತ.
ಫಲಾನುಭವಿಗಳು ಎಂಬ ಕಾಲಮಿನಲ್ಲಿ
ಸರ್ವೆ ನಂಬರುಗಳ ಕೆಳಗೆ ಬರೆದೆ: ಏಡಿ, ಕಪ್ಪೆ.

ಗ್ಯಾರೇಜುಗಳಾಚೆ ಕಾಲುವೆ ನೆಲದೊಳಗೆ ಹೋಗಿಬಿಡುತ್ತದೆ.
ನೂರಾ ಹನ್ನೆರಡು ಮೀಟರಾದ ಮೇಲೆ
ಖಾಲಿ ಸೈಟೊಂದರ ಕೆಸುವಿನ ನಡುವೆ ಮತ್ತೆ ಬಾಯಿ ತೆರೆಯುತ್ತದೆ.
ನಡುವೆ ಒಂದು ಓಣಿ, ಒಂಬತ್ತು ಮನೆ,
ಕಡತದಲ್ಲಿ ಗೆದ್ದಲು ತಿಂದ ಪುಟ.
ಯಾವ ನಕ್ಷೆ ಬಿಡಿಸಿದರೂ ಅಷ್ಟು ಜಾಗ ಬಿಳಿ.
ಏಳನೇ ಮನೆಯ ಜೈತುನ್‌ಬಿ
ಬೀಡಿಯ ಮೊರದಿಂದ ಕೈ ತೆಗೆಯದೆ ಹೇಳಿದರು:
"ಒಲೆ ಪಕ್ಕದ ಗೋಡೆಗೆ ಕಿವಿ ಇಡು.
ಈಗ ಅಲ್ಲ ಬೇಟಿ, ರಾತ್ರಿ, ಫ್ಯಾನು ಬಂದ್ ಮಾಡಿ.
ಮದುವೆಯಾಗಿ ಬಂದಾಗ ಯಾರೋ ಅಳ್ತಾರೆ ಅಂತ
ಒಂದು ತಿಂಗಳು ನಿದ್ದೆ ಮಾಡಿಲ್ಲ ನಾನು.
ಈಗ ಅದು ನಿಂತರೆ ಎಚ್ಚರ ಆಗುತ್ತೆ."

ರಾತ್ರಿ ಹೋದೆವು.
ಸುಣ್ಣದ ತಣ್ಣನೆ ಗೋಡೆ, ಆರಿದ ಬೂದಿಯ ವಾಸನೆ.
ಮೊದಲು ಕೇಳಿದ್ದು ನನ್ನದೇ ಕಿವಿಯ ರಕ್ತ.
ಆಮೇಲೆ, ಅದಕ್ಕೂ ಕೆಳಗೆ, ಅವಸರವಿಲ್ಲದೆ,
ಯಾರೋ ಅಕ್ಕಿ ತೊಳೆದು ಬಸಿಯುತ್ತಿರುವ ಹಾಗೆ.
ಒಂಬತ್ತೂ ಮನೆಯ ಗೋಡೆಗೆ ಕಿವಿಯಿಟ್ಟೆವು.
ಆರರಲ್ಲಿ ಇತ್ತು. ಎರಡರಲ್ಲಿ ಇರಲಿಲ್ಲ.
ಒಂದರಲ್ಲಿ ಪಕ್ಕದ ಮನೆಯ ಜಗಳ.

ನಕ್ಷೆಯಲ್ಲಿ ಕಂಡದ್ದಕ್ಕೆ ಗಟ್ಟಿಗೆರೆ,
ಅಳಿದದ್ದಕ್ಕೆ ಕತ್ತರಿ ಗುರುತು.
ಬಿಳಿಯ ಮೇಲೆ ಆರು ಚುಕ್ಕೆ ಇಟ್ಟು
ಮೂಲೆಯ ಸೂಚಿಯಲ್ಲಿ ಸೇರಿಸಿದೆ: ಚುಕ್ಕೆ, ಕೇಳಿಸಿದ್ದು.
ಸಾಹೇಬರು ಕನ್ನಡಕ ಏರಿಸಿದರು.
ಇದಕ್ಕೆ ಆಧಾರ?
ಜೈತುನ್‌ಬಿಯ ಮನೆ ನಂಬರು ಕೊಟ್ಟೆ.